ಮೊದಲ ಬಾರಿಗೆ ಮನೆ ಬಾಡಿಗೆಗೆ ಕೊಡುವ ರೈತರು ಗಮನಿಸಬೇಕಾದ ವಿಷಯಗಳು

ಹಳ್ಳಿಗಳಲ್ಲಿ ಹಿಂದೆ ಬಾಡಿಗೆ ಮನೆ ಎಂಬುದೇ ಅಪರೂಪವಾಗಿತ್ತು. ಶಾಲೆಯ ಮೇಷ್ಟ್ರಿಗೋ, ಗ್ರಾಮಸೇವಕರಿಗೋ ಊರಿನ ಹಿರಿಯರೊಬ್ಬರು ಪಡಸಾಲೆಯ ಪಕ್ಕದ ಕೋಣೆಯನ್ನು ಬಿಟ್ಟುಕೊಡುತ್ತಿದ್ದರು. ಬಾಡಿಗೆ ಎಂದು ಕೈಯೊಡ್ಡುವುದು ಮರ್ಯಾದೆಯಲ್ಲ ಎಂಬ ಭಾವನೆಯೂ ಇತ್ತು. ಈಗ ಪರಿಸ್ಥಿತಿ ಬೇರೆಯಾಗಿದೆ. ಹೋಬಳಿ ಕೇಂದ್ರಗಳಲ್ಲಿ ಬ್ಯಾಂಕು, ಕಾಲೇಜು, ಆಸ್ಪತ್ರೆ, ಸಿದ್ಧ ಉಡುಪಿನ ಕಾರ್ಖಾನೆಗಳು ಬಂದಿವೆ. ಅಲ್ಲಿ ಕೆಲಸ ಮಾಡುವವರಿಗೆ ಮನೆ ಬೇಕು. ಇತ್ತ ಮಕ್ಕಳು ಪಟ್ಟಣ ಸೇರಿದ ಮೇಲೆ ರೈತನ ಹಳೆಯ ಮನೆ ಬೀಗ ಹಾಕಿದಂತೆಯೇ ಉಳಿದಿರುತ್ತದೆ. ಒಲೆ ಹೊತ್ತದ, ಕಸ ಗುಡಿಸದ ಮನೆಯ ಜಂತಿಗೆ ಗೆದ್ದಲು ಹತ್ತಲು ಹೆಚ್ಚು ಕಾಲ ಬೇಡ. ಹೆಂಚು ಸರಿದ ಕಡೆ ಒಂದೇ ಮಳೆಗಾಲದಲ್ಲಿ ಗೋಡೆ ಕುಸಿಯುತ್ತದೆ.

ಇಂಥ ಮನೆಯನ್ನು ಬಾಡಿಗೆಗೆ ಕೊಟ್ಟರೆ ಮನೆಯೂ ಉಳಿಯುತ್ತದೆ, ಮಳೆ ಕೈಕೊಟ್ಟ ವರ್ಷದಲ್ಲಿ ತಿಂಗಳು ತಿಂಗಳು ಒಂದಿಷ್ಟು ಹಣವೂ ಕೈಗೆ ಬರುತ್ತದೆ. ಆದರೂ ಅನೇಕ ರೈತರು ಇದಕ್ಕೆ ಹಿಂಜರಿಯುತ್ತಾರೆ. ಹಿಂಜರಿಕೆಗೆ ಕಾರಣವಿಲ್ಲದಿಲ್ಲ. ಆದ್ದರಿಂದ ಮೊದಲು ಅದನ್ನೇ ವಿಚಾರ ಮಾಡುವುದು ಸೂಕ್ತ.

ಭಯಕ್ಕೆ ಕಾರಣವುಂಟೆ?

ಕರ್ನಾಟಕದಲ್ಲಿ ಭೂ ಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗೇಣಿಗೆ ಕೊಟ್ಟ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರರು ಭೂ ನ್ಯಾಯಮಂಡಳಿಗೆ ಅರ್ಜಿ ಕೊಟ್ಟು ಒಡೆತನ ಪಡೆದರು. 'ಉಳುವವನೇ ಹೊಲದೊಡೆಯ' ಎಂಬ ಆ ಕಾಲದ ಮಾತು ಇಂದಿಗೂ ಹಳ್ಳಿಗರ ನೆನಪಿನಲ್ಲಿದೆ. 'ಹೊಲ ಹೋದ ಹಾಗೆ ಮನೆಯೂ ಹೋದರೆ?' ಎಂದು ಕೇಳುವವರು ಆ ನೆನಪಿನಿಂದಲೇ ಕೇಳುತ್ತಾರೆ.

ಆ ಕಾಯಿದೆ ಸಾಗುವಳಿ ಜಮೀನಿಗೆ ಸಂಬಂಧಿಸಿದ್ದು. ಸೈನಿಕರು, ನಾವಿಕರು ಮುಂತಾದ ಕೆಲವು ವಿನಾಯಿತಿಗಳನ್ನು ಬಿಟ್ಟರೆ ನಮ್ಮ ರಾಜ್ಯದಲ್ಲಿ ಸಾಗುವಳಿ ಜಮೀನನ್ನು ಗೇಣಿಗೆ ಕೊಡುವಂತಿಲ್ಲ. ವಾಸದ ಮನೆಯನ್ನು ತಿಂಗಳ ಬಾಡಿಗೆಗೆ ಕೊಡುವುದು ಬೇರೆ ವಿಷಯ. ಅದು ಮುಖ್ಯವಾಗಿ 1882ರ ಸ್ವತ್ತು ವರ್ಗಾವಣೆ ಕಾಯಿದೆಗೆ ಒಳಪಟ್ಟದ್ದು. (ಜಮೀನಿನಲ್ಲಿ ವಾಸವಿದ್ದ ಕೃಷಿ ಕಾರ್ಮಿಕರ ಗುಡಿಸಲು ಮನೆಗಳ ಬಗ್ಗೆ ಭೂ ಸುಧಾರಣಾ ಕಾಯಿದೆಯಲ್ಲಿಯೇ ಪ್ರತ್ಯೇಕ ಕಲಮು ಇದೆ. ಅದನ್ನು ಬಾಡಿಗೆ ಮನೆಯೊಡನೆ ಬೆರೆಸಬಾರದು.)

ಹನ್ನೆರಡು ವರ್ಷ ವಾಸವಿದ್ದವನಿಗೆ ಮನೆ ಸೇರಿಬಿಡುತ್ತದೆ ಎಂಬ ಮಾತೂ ಅರಳಿಕಟ್ಟೆಯಲ್ಲಿ ಆಗಾಗ ಕೇಳಿಬರುತ್ತದೆ. 1963ರ ಕಾಲಮಿತಿ ಕಾಯಿದೆಯಲ್ಲಿ ಹನ್ನೆರಡು ವರ್ಷದ ಅವಧಿ ಇರುವುದು ನಿಜ. ಆದರೆ ಅದು ಮಾಲೀಕನ ಹಕ್ಕನ್ನು ಅಲ್ಲಗಳೆದು, ಬಹಿರಂಗವಾಗಿ ತನ್ನದೆಂದು ಸ್ವಾಧೀನದಲ್ಲಿ ಇಟ್ಟುಕೊಂಡವನ ಮಾತು. ಮಾಲೀಕನ ಒಪ್ಪಿಗೆಯಿಂದ ಬಾಡಿಗೆ ಕೊಟ್ಟು ಇರುವವನ ಸ್ವಾಧೀನ ಅಂಥದ್ದಲ್ಲ. ಬಾಡಿಗೆದಾರನು ತನಗೆ ಮನೆ ಕೊಟ್ಟವನ ಒಡೆತನವನ್ನು ಬಾಡಿಗೆ ನಡೆಯುತ್ತಿರುವಾಗ ಪ್ರಶ್ನಿಸುವಂತಿಲ್ಲ ಎಂಬುದು ಸಾಕ್ಷ್ಯ ಕಾನೂನಿನ ಹಳೆಯ ನಿಯಮ. 2023ರ ಹೊಸ ಸಾಕ್ಷ್ಯ ಅಧಿನಿಯಮದಲ್ಲಿಯೂ ಅದು ಉಳಿದಿದೆ.

ತೊಂದರೆಯಾಗುವುದು ಬೇರೆ ಕಡೆ. ದೂರದ ನೆಂಟನೆಂದೋ, ಪರಿಚಯದವನೆಂದೋ ಕಾಗದವಿಲ್ಲದೆ, ಬಾಡಿಗೆ ಇಲ್ಲದೆ, 'ಇರಲಿ ಬಿಡಿ' ಎಂದು ಬಿಟ್ಟ ಮನೆಯೇ ಮುಂದೆ ವ್ಯಾಜ್ಯಕ್ಕೆ ಬೀಳುತ್ತದೆ. ಆತ ಯಾವ ಆಧಾರದ ಮೇಲೆ ಇದ್ದ ಎಂದು ತೋರಿಸಲು ಆಗ ಏನೂ ಇರುವುದಿಲ್ಲ. ಆದಕಾರಣ ಬಾಡಿಗೆಯ ಕರಾರು ಪತ್ರ ಮತ್ತು ರಸೀತಿ, ಇವೇ ಮನೆಗೆ ಬೇಲಿ.

ಯಾವ ಕಟ್ಟಡ ಕೊಡಬಹುದು?

ಗ್ರಾಮಠಾಣೆಯೊಳಗಿನ ಮನೆಯಾದರೆ ಸಾಮಾನ್ಯವಾಗಿ ತೊಡಕಿಲ್ಲ. ಪಂಚಾಯಿತಿಯ ಖಾತೆ ಯಾರ ಹೆಸರಿನಲ್ಲಿದೆ ಎಂದು ಮಾತ್ರ ನೋಡಿಕೊಳ್ಳಬೇಕು. ತಂದೆ ತೀರಿಕೊಂಡು ಹತ್ತು ವರ್ಷವಾದರೂ ಖಾತೆ ಅವರ ಹೆಸರಿನಲ್ಲಿಯೇ ಇರುವ ಮನೆಗಳು ಪ್ರತಿ ಊರಿನಲ್ಲೂ ಉಂಟು. ಅಣ್ಣ ಬಾಡಿಗೆಗೆ ಕೊಟ್ಟು ತಮ್ಮ ಬಂದು 'ನನ್ನ ಭಾಗ ಎಲ್ಲಿ' ಎಂದರೆ ಬಾಡಿಗೆದಾರನ ಮುಂದೆ ಮನೆತನದ ಮಾನ ಹೋಗುತ್ತದೆ. ಖಾತೆ ಬದಲಾವಣೆ ಮಾಡಿಸಿಕೊಳ್ಳುವುದು ಉತ್ತಮ. ಅದಕ್ಕೆ ತಡವಾಗುವುದಾದರೆ ಹಕ್ಕುದಾರರೆಲ್ಲರೂ, ಅಕ್ಕತಂಗಿಯರೂ ಸೇರಿ, ಕರಾರಿಗೆ ಸಹಿ ಹಾಕಬೇಕು.

ಹೊಲದಲ್ಲಿ ಕಟ್ಟಿದ ಮನೆಯ ವಿಷಯ ಬೇರೆ. ಭೂ ಪರಿವರ್ತನೆ ಮಾಡಿಸದ ಜಮೀನಿನಲ್ಲಿ ರೈತನು ಬೇಸಾಯಕ್ಕೆ ಬೇಕಾದ ತೋಟದ ಮನೆ, ಕೊಟ್ಟಿಗೆ, ಉಗ್ರಾಣ ಕಟ್ಟಿಕೊಳ್ಳಲು 1964ರ ಭೂ ಕಂದಾಯ ಕಾಯಿದೆ ಅವಕಾಶ ಕೊಟ್ಟಿದೆ. ಅದನ್ನು ಹೊರಗಿನವರಿಗೆ ಅಂಗಡಿಗೋ, ವಸತಿಗೃಹಕ್ಕೋ ಬಾಡಿಗೆಗೆ ಬಿಟ್ಟರೆ ಆ ಅವಕಾಶದ ಉದ್ದೇಶವನ್ನೇ ಮೀರಿದಂತಾಗುತ್ತದೆ. ಅಂಥ ಯೋಚನೆಯಿದ್ದವರು ಮೊದಲು ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಬೇಕು.

ಪಂಪ್‌ಸೆಟ್ಟಿನ ವಿದ್ಯುತ್ತಿನ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಹತ್ತು ಅಶ್ವಶಕ್ತಿವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ ಉಚಿತವಾಗಿರುವುದರಿಂದ ಅದರಿಂದಲೇ ಒಂದು ತಂತಿ ಎಳೆದು ಬಾಡಿಗೆ ಮನೆಗೆ ದೀಪ ಕೊಡುವುದನ್ನು ಕೆಲವರು ಜಾಣತನವೆಂದು ತಿಳಿದಿದ್ದಾರೆ. 2003ರ ವಿದ್ಯುತ್ ಕಾಯಿದೆಯ ಪ್ರಕಾರ ಇದು ಅನಧಿಕೃತ ಬಳಕೆ. ಸಿಕ್ಕಿಬಿದ್ದರೆ ಅನ್ವಯವಾಗುವ ದರದ ಎರಡು ಪಟ್ಟು ವಸೂಲಾಗುತ್ತದೆ. ಯಾವಾಗಿನಿಂದ ನಡೆದಿದೆ ಎಂದು ಗೊತ್ತಾಗದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೆ ಲೆಕ್ಕ ಕಟ್ಟುತ್ತಾರೆ.

ಮನೆಯನ್ನು ಅಣಿಗೊಳಿಸುವುದು

ಸುಣ್ಣ ಬಣ್ಣ ಎಲ್ಲರಿಗೂ ತಿಳಿದದ್ದೇ. ಹೆಂಚು ತಿರುಗಿಸುವುದು, ಬಾಗಿಲ ಚಿಲಕ, ಬಚ್ಚಲ ಮೋರಿ, ಇಲಿ ಬಿಲ ಇವನ್ನು ಬಾಡಿಗೆದಾರ ಬರುವ ಮುಂಚೆಯೇ ನೋಡಿಕೊಂಡರೆ ಖರ್ಚು ಕಡಿಮೆ. ರೈತನ ಮನೆಗೆ ವಿಶೇಷವಾದ ಕೆಲವು ಅಪಾಯಗಳಿವೆ. ಪಟ್ಟಣದ ಮನೆಗೆ ಇವು ಇರುವುದಿಲ್ಲವಾದ್ದರಿಂದ ಯಾರೂ ಹೇಳಿಕೊಡುವುದಿಲ್ಲ.

ಮೊದಲನೆಯದು ಔಷಧಿಯ ಕೋಣೆ. ವರ್ಷಾನುಗಟ್ಟಲೆ ಕೀಟನಾಶಕ, ಕಳೆನಾಶಕದ ಡಬ್ಬಿಗಳನ್ನೂ ಸಿಂಪರಣಾ ಯಂತ್ರವನ್ನೂ ಇಟ್ಟಿದ್ದ ಕೋಣೆಯ ನೆಲ ಸೋರಿದ ಔಷಧಿಯನ್ನು ಹೀರಿಕೊಂಡಿರುತ್ತದೆ. ಮಣ್ಣಿನ ನೆಲವಾದರೆ ಸಗಣಿ ಸಾರಿಸಿದ ಮಾತ್ರಕ್ಕೆ, ಗಾರೆಯ ನೆಲವಾದರೆ ಸೋಪಿನ ನೀರಿನಲ್ಲಿ ತೊಳೆದ ಮಾತ್ರಕ್ಕೆ ಅದು ಪೂರ್ಣವಾಗಿ ಹೋಗುವುದಿಲ್ಲ. ಅಂಥ ನೆಲದ ಮೇಲೆ ಅಂಬೆಗಾಲಿಡುವ ಮಗು ಕೈಯನ್ನು ಬಾಯಿಗೆ ಹಾಕಿಕೊಳ್ಳುತ್ತದೆ. ಆ ಕೋಣೆಯನ್ನು ಅಡಿಗೆಗಾಗಲಿ ಮಲಗಲಾಗಲಿ ಕೊಡದಿರುವುದೇ ಮೇಲು. ಉಳಿದ ಡಬ್ಬಿಗಳನ್ನು 'ಅಟ್ಟದ ಮೇಲೆ ಇರಲಿ, ಆಮೇಲೆ ತೆಗೆದುಕೊಂಡು ಹೋಗುತ್ತೇನೆ' ಎಂದು ಬಿಡಕೂಡದು. ಅವು ಮಾಲೀಕನ ಬೀಗದೊಳಗೆ, ಬೇರೆ ಕಟ್ಟಡದಲ್ಲಿ ಇರತಕ್ಕದ್ದು.

ಎರಡನೆಯದು ಇನ್ನೂ ಗಂಭೀರವಾದದ್ದು. ಮನೆಯ ಅರ್ಧ ಭಾಗವನ್ನು ಬಾಡಿಗೆಗೆ ಕೊಟ್ಟು ಇನ್ನರ್ಧದಲ್ಲಿ ಜೋಳ, ರಾಗಿ, ಹುರುಳಿ ದಾಸ್ತಾನು ಮಾಡುವುದು ಸಾಮಾನ್ಯ. ಹುಳು ಬಿದ್ದಾಗ ಕಾಳಿನ ಚೀಲಗಳ ಮಧ್ಯೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇಡುವ ಅಭ್ಯಾಸ ಕೆಲವು ಕಡೆ ಇದೆ. ಈ ಮಾತ್ರೆ ಗಾಳಿಯ ತೇವಕ್ಕೆ ಸೇರಿ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತದೆ. ಮೂರು ಗ್ರಾಮಿನ ಒಂದು ಮಾತ್ರೆಯಿಂದ ಸುಮಾರು ಒಂದು ಗ್ರಾಂ ಅನಿಲ ಹೊರಡುತ್ತದೆ. ಗೋಡೆಯ ಬಿರುಕು, ಜಂತಿಯ ಸಂದು, ಬಾಗಿಲ ಕೆಳಗಿನ ತೆರಪು ಇವಿಷ್ಟೇ ಸಾಕು, ಅದು ಪಕ್ಕದ ಕೋಣೆಗೆ ನುಗ್ಗುತ್ತದೆ. ರಾತ್ರಿ ಕಿಟಕಿ ಮುಚ್ಚಿ ಮಲಗಿದವರಿಗೆ ವಾಂತಿ, ಎದೆ ಬಿಗಿತ, ಉಸಿರಾಟದ ತೊಂದರೆ ಕಾಣಿಸಿಕೊಂಡಾಗ ಊಟದ ದೋಷವೆಂದು ತಿಳಿದು ಹೊತ್ತು ಕಳೆಯುವುದುಂಟು. ಈ ವಿಷಕ್ಕೆ ಪ್ರತಿವಿಷವಿಲ್ಲ. ಬೆಳ್ಳುಳ್ಳಿಯಂಥ ವಾಸನೆ ಬಂದರೂ ಅದನ್ನು ನಂಬಿ ಕೂರುವಂತಿಲ್ಲ. ಅನುಮಾನ ಬಂದ ಕೂಡಲೆ ಎಲ್ಲರನ್ನೂ ಹೊರಗೆ ಗಾಳಿಗೆ ಕರೆತಂದು ಆಸ್ಪತ್ರೆಗೆ ಒಯ್ಯಬೇಕು, ಮಾತ್ರೆಯ ಹೆಸರನ್ನು ವೈದ್ಯರಿಗೆ ಹೇಳಬೇಕು.

ಇದರ ಬಳಕೆ ಸರ್ಕಾರಿ ಸಂಸ್ಥೆಗಳಿಗೆ ಮತ್ತು ತಜ್ಞರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಕೀಟ ನಿಯಂತ್ರಣದವರಿಗೆ ಮಾತ್ರ ಸೀಮಿತವಾಗಿದೆ. ರೈತನು ಅಂಗಡಿಯಿಂದ ತಂದು ಮನೆಯಲ್ಲಿ ಇಡುವಂತಿಲ್ಲ. ಜನ ವಾಸಿಸುವ ಸೂರಿನಡಿಯಂತೂ ಸರ್ವಥಾ ಕೂಡದು. ಕಾಳನ್ನು ಚೆನ್ನಾಗಿ ಒಣಗಿಸಿ, ಧಾನ್ಯಗಳಾದರೆ ತೇವಾಂಶ ಶೇಕಡ 12ಕ್ಕಿಂತ ಹೆಚ್ಚಿರದಂತೆ ನೋಡಿ, ಗಾಳಿಯಾಡದ ಚೀಲದಲ್ಲೋ ತಗಡಿನ ಕಣಜದಲ್ಲೋ ತುಂಬಿದರೆ ಹುಳುವಿನ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಕಾಳಿನ ಕೋಣೆಯನ್ನು ಬೇರೆಡೆಗೆ ಸಾಗಿಸಿದರೆ ಇನ್ನೂ ಒಳ್ಳೆಯದು.

ತಂತಿಗಳ ಬಗ್ಗೆ ಹೇಳುವುದಾದರೆ, ಹಳೆಯ ಮನೆಗಳಲ್ಲಿ ನೆಲತಂತಿ ಇರುವುದೇ ಇಲ್ಲ, ಇದ್ದರೂ ತುಕ್ಕು ಹಿಡಿದಿರುತ್ತದೆ. ಪರವಾನಗಿ ಪಡೆದ ಕೆಲಸಗಾರರಿಂದ ಪರೀಕ್ಷೆ ಮಾಡಿಸಿ, ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ 30 ಮಿಲಿ ಆಂಪಿಯರಿನ ಸ್ವಿಚ್ಚನ್ನು ಹಾಕಿಸಬೇಕು. ಬಚ್ಚಲಲ್ಲಿ ನೀರು ಕಾಯಿಸುವ ಸಲಾಕೆ ಬಳಸುವವರು ಬಂದಾಗ ಅದರ ಬೆಲೆ ತಿಳಿಯುತ್ತದೆ.

ಬಾಡಿಗೆ ಮನೆಗೆ ಪ್ರತ್ಯೇಕ ಮೀಟರು ಇರುವುದು ಅಗತ್ಯ. 2023ರ ಜುಲೈಯಿಂದ ಜಾರಿಯಾದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಉಂಟು. ಅವರು ಆ ಮೀಟರಿನ ಆರ್.ಆರ್. ನಂಬರಿಗೆ ತಮ್ಮ ಆಧಾರ್ ಜೋಡಿಸಿಕೊಳ್ಳಬಹುದು. ಎರಡು ಸಂಸಾರಗಳು ಒಂದೇ ಮೀಟರಿನಲ್ಲಿ ಇದ್ದರೆ ಬಳಕೆ ಕೂಡಿಕೊಂಡು 200 ಯೂನಿಟ್ ಮೀರಿ, ಇಬ್ಬರಿಗೂ ರಿಯಾಯಿತಿ ತಪ್ಪುತ್ತದೆ. ಆಮೇಲೆ ಯಾರ ಫ್ಯಾನು ಹೆಚ್ಚು ತಿರುಗಿತು ಎಂಬ ಜಗಳ.

ಕುಡಿಯುವ ನೀರು ಮನೆಯ ಬಾವಿಯದಾದರೆ ಹೊಸಬರು ಬರುವ ಮುನ್ನ ಅದನ್ನು ಶುದ್ಧ ಮಾಡಬೇಕು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಎಂಬುದು ಸಾಮಾನ್ಯ ಲೆಕ್ಕ. ಮೂರು ಮೀಟರು ಅಗಲದ ದುಂಡು ಬಾವಿಯಲ್ಲಿ ನಾಲ್ಕು ಮೀಟರು ನೀರಿದ್ದರೆ ಸುಮಾರು 28 ಸಾವಿರ ಲೀಟರಾಗುತ್ತದೆ. ಅದಕ್ಕೆ 70 ಗ್ರಾಂ ಪುಡಿ ಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು ಕಲಕಿ, ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ಕಟ್ಟೆಯಿಲ್ಲದ ಬಾವಿಗೆ ಕಟ್ಟೆ, ಮೇಲೊಂದು ಜಾಲರಿ ಆಗಲೇಬೇಕು. ಹುಟ್ಟಿದ ಲಾಗಾಯ್ತು ಆ ಹಿತ್ತಲಲ್ಲಿ ಓಡಾಡಿದ ಮಕ್ಕಳಿಗೆ ಬಾವಿ ಎಲ್ಲಿದೆ ಎಂದು ಗೊತ್ತು, ಹೊಸ ಮಕ್ಕಳಿಗೆ ಗೊತ್ತಿರುವುದಿಲ್ಲ.

ಶೌಚದ ಗುಂಡಿ ತುಂಬಿದ್ದರೆ ಹೀರುವ ಯಂತ್ರದ ಗಾಡಿ ಕರೆಸಿ ಖಾಲಿ ಮಾಡಿಸಬೇಕು. ಕೂಲಿಯವರನ್ನು ಒಳಗೆ ಇಳಿಸುವುದು ಪ್ರಾಣಾಪಾಯ, 2013ರ ಕಾಯಿದೆಯ ಪ್ರಕಾರ ಅಪರಾಧವೂ ಹೌದು.

ಬಾಡಿಗೆ, ಮುಂಗಡ ಮತ್ತು ಭೋಗ್ಯ

ಬಾಡಿಗೆ ಎಷ್ಟೆಂದು ಊರಿನ ಇತರ ಮನೆಗಳನ್ನು ನೋಡಿ ನಿರ್ಧರಿಸಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಮುಂಗಡದ ರೂಢಿ ಇದೆಯೆಂದು ಹಳ್ಳಿಯಲ್ಲಿ ಕೇಳಿದರೆ ಬರುವವರೂ ಬರುವುದಿಲ್ಲ. ಎರಡು ಮೂರು ತಿಂಗಳ ಬಾಡಿಗೆಯಷ್ಟು ಮುಂಗಡ ಸಾಕು. ಆ ಹಣ ಮಾಲೀಕನದಲ್ಲ, ಬಾಡಿಗೆದಾರ ಹೋಗುವ ದಿನ ಹಿಂದಿರುಗಿಸಬೇಕಾದದ್ದು. ಗೊಬ್ಬರಕ್ಕೆಂದು ಖರ್ಚು ಮಾಡಿ, ಮನೆ ಬಿಡುವಾಗ 'ಅಡಿಕೆ ಮಾರಿದ ಮೇಲೆ ಕೊಡುತ್ತೇನೆ' ಎಂದರೆ ಆತ ಮನೆ ಬಿಡುವುದೇ ಇಲ್ಲ. ಬ್ಯಾಂಕಿನಲ್ಲಿ ಬೇರೆಯಾಗಿ ಇಡುವುದು ಲೇಸು.

ತಿಂಗಳ ಬಾಡಿಗೆಯೇ ಇಲ್ಲದೆ ಎರಡೋ ಮೂರೋ ಲಕ್ಷ ಒಟ್ಟಿಗೆ ಪಡೆದು ಮನೆಯನ್ನು ಭೋಗ್ಯಕ್ಕೆ ಬಿಡುವ ರೂಢಿ ನಮ್ಮಲ್ಲಿ ಹಳೆಯದು. ಮಗಳ ಮದುವೆಗೋ ಕೊಳವೆ ಬಾವಿಗೋ ಹಣ ಬೇಕಾದಾಗ ರೈತನಿಗೆ ಇದು ಸುಲಭವಾಗಿ ಕಾಣುತ್ತದೆ. ಆದರೆ ಅವಧಿ ಮುಗಿದ ದಿನ ಅಷ್ಟೂ ಹಣ ಒಂದೇ ಗಂಟಾಗಿ ಬೇಕು. ಕೊಳವೆ ಬಾವಿಯಲ್ಲಿ ನೀರು ಬೀಳದಿದ್ದರೆ ಹಣವೂ ಇಲ್ಲ, ಮನೆಯೂ ಇಲ್ಲ. ಮೇಲಾಗಿ ಭೋಗ್ಯವು ಅಡಮಾನದ ಒಂದು ಬಗೆಯಾಗುವುದರಿಂದ ನೂರು ರೂಪಾಯಿಗೆ ಮೇಲ್ಪಟ್ಟದ್ದೆಲ್ಲ ಇಬ್ಬರು ಸಾಕ್ಷಿಗಳೊಡನೆ ನೋಂದಣಿಯಾಗಬೇಕು. ಬರೀ ಛಾಪಾ ಕಾಗದದ ಮೇಲೆ ಬರೆದ ಭೋಗ್ಯಪತ್ರ ಇಬ್ಬರಿಗೂ ಅಪಾಯ. ಮೊದಲ ಬಾರಿಗೆ ಮನೆ ಕೊಡುವವರು ಇದಕ್ಕೆ ಕೈ ಹಾಕದಿರುವುದು ಕ್ಷೇಮ.

ಬಾಡಿಗೆಯ ಹಣ ಕೃಷಿ ಆದಾಯವಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ತಿಂಗಳಿಗೆ 4,000 ರೂಪಾಯಿಯಂತೆ ವರ್ಷಕ್ಕೆ 48,000 ಬಂತೆನ್ನೋಣ. ಮಾಲೀಕನು ಪಂಚಾಯಿತಿಗೆ 1,200 ಕಂದಾಯ ಕಟ್ಟಿದ್ದರೆ ಉಳಿಯುವುದು 46,800. ಅದರಲ್ಲಿ ಶೇಕಡ 30ರಷ್ಟನ್ನು, ಅಂದರೆ 14,040 ರೂಪಾಯಿಗಳನ್ನು, ರಿಪೇರಿಗೆ ಖರ್ಚಾಗಲಿ ಬಿಡಲಿ ಕಳೆಯಲು ಅವಕಾಶವಿದೆ. ಮಿಕ್ಕ 32,760 ಮಾತ್ರ ಆದಾಯ ತೆರಿಗೆಯ ಲೆಕ್ಕಕ್ಕೆ ಸೇರುತ್ತದೆ. ಬೇರೆ ಆದಾಯವಿಲ್ಲದ ಸಣ್ಣ ರೈತನಿಗೆ ಇದರಿಂದ ತೆರಿಗೆ ಬೀಳುವುದಿಲ್ಲ. ಮನೆಯಲ್ಲಿ ಸಂಬಳ, ಪಿಂಚಣಿ ಬರುವವರು ಲೆಕ್ಕ ತೋರಿಸಬೇಕು.

ಬರುವವರು ಯಾರು?

'ಯಾವ ಜನ?' ಎಂಬುದು ನಮ್ಮ ಊರುಗಳಲ್ಲಿ ಮೊದಲ ಪ್ರಶ್ನೆ. ಅದರಿಂದ ತಿಳಿಯಬೇಕಾದದ್ದು ಏನೂ ತಿಳಿಯುವುದಿಲ್ಲ. ಬಾಡಿಗೆ ಹೊತ್ತಿಗೆ ಸರಿಯಾಗಿ ಬರುವುದೇ, ಮನೆ ಚೊಕ್ಕಟವಾಗಿರುವುದೇ ಎಂಬುದಕ್ಕೆ ಜಾತಿ ಉತ್ತರವಲ್ಲ. ಅಸ್ಪೃಶ್ಯತೆಯ ಕಾರಣದಿಂದ ಯಾವುದೇ ಬೀದಿಯಲ್ಲಿ ಮನೆ ಹಿಡಿದು ವಾಸಿಸಲು ಅಡ್ಡಿಪಡಿಸುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆಯಡಿ ದಂಡನೀಯ ಎಂಬುದನ್ನೂ ನೆನಪಿಡಬೇಕು. ಎಲ್ಲಿ ಕೆಲಸ, ಎಷ್ಟು ದಿನದಿಂದ, ಮನೆಯಲ್ಲಿ ಎಷ್ಟು ಮಂದಿ, ಹಿಂದೆ ಎಲ್ಲಿ ಇದ್ದರು, ಆ ಮನೆ ಏಕೆ ಬಿಟ್ಟರು, ಇವು ಕೇಳಬೇಕಾದ ಪ್ರಶ್ನೆಗಳು. ಹಿಂದಿನ ಮಾಲೀಕರಿಗೆ ಒಂದು ಫೋನು ಮಾಡಿದರೆ ಅರ್ಧ ವಿಷಯ ಗೊತ್ತಾಗುತ್ತದೆ. ಗುರುತಿನ ಚೀಟಿಯ ಪ್ರತಿ, ಸ್ವಂತ ಊರಿನ ವಿಳಾಸ, ಭಾವಚಿತ್ರ ಪಡೆದು ಇಟ್ಟುಕೊಳ್ಳಬೇಕು. ಬಾಡಿಗೆದಾರರ ವಿವರ ಕೊಡಬೇಕೆಂದು ಪೊಲೀಸರು ಆದೇಶಿಸಿರುವ ಕಡೆ ಠಾಣೆಗೆ ಕೊಟ್ಟು ಸ್ವೀಕೃತಿ ಪಡೆಯಬೇಕು.

ಕರಾರು ಪತ್ರ

ಒಂದು ವರ್ಷಕ್ಕೆ ಮೀರಿದ ಅಥವಾ ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಬಾಡಿಗೆಯ ಪತ್ರ ನೋಂದಣಿಯಾಗಲೇಬೇಕು. ಆದ್ದರಿಂದಲೇ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿದೆ. ಛಾಪಾ ಶುಲ್ಕ ಎಷ್ಟೆಂದು ಉಪನೋಂದಣಿ ಕಚೇರಿಯಲ್ಲೋ ಪತ್ರ ಬರಹಗಾರರಲ್ಲೋ ಕೇಳಿ ಇ-ಛಾಪಾ ಕಾಗದ ಪಡೆಯಬೇಕು. ಅಚ್ಚಾದ ನಮೂನೆ ತಂದು ಹೆಸರು ತುಂಬುವುದಕ್ಕಿಂತ ಕನ್ನಡದಲ್ಲಿ ತಿಳಿಯುವ ಹಾಗೆ ಬರೆಸುವುದು ಮೇಲು. ಮನೆಯ ಚಕ್ಕುಬಂದಿ, ಕೊಟ್ಟ ಕೋಣೆಗಳು, ಬಾಡಿಗೆ ಮತ್ತು ಕೊಡುವ ತಾರೀಖು, ಮುಂಗಡ, ನೀರಿನ ಹಣ ಯಾರದು, ಕಂದಾಯ ಯಾರದು, ಸಣ್ಣ ರಿಪೇರಿ ಮತ್ತು ದೊಡ್ಡ ರಿಪೇರಿ ಯಾರದು, ಬಿಡಲು ಎಷ್ಟು ದಿನದ ತಿಳಿವಳಿಕೆ, ಇವೆಲ್ಲ ಅದರಲ್ಲಿ ಇರಬೇಕು. ಮಾಲೀಕನು ತಾನು ಮಾಡಿಸಬೇಕಾದ ರಿಪೇರಿಯನ್ನು, ತಿಳಿಸಿದ ಮೇಲೂ ಮಾಡಿಸದಿದ್ದರೆ ಬಾಡಿಗೆದಾರನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಇದು ಕಾಯಿದೆಯಲ್ಲಿಯೇ ಇದೆ. ಮನೆಯ ಗುಪ್ತ ದೋಷಗಳನ್ನು ಮಾಲೀಕನು ಮೊದಲೇ ಹೇಳಬೇಕೆಂಬುದೂ ಇದೆ.

ಮನೆಯಲ್ಲಿ ಬಿಟ್ಟ ವಸ್ತುಗಳ ಪಟ್ಟಿ, ಮೀಟರಿನ ಅಂಕೆ, ಗೋಡೆ ನೆಲದ ಕೆಲವು ಫೋಟೋಗಳು ಕರಾರಿನ ಜೊತೆ ಇದ್ದರೆ ಮುಂದೆ ಮಾತು ಬೆಳೆಯುವುದಿಲ್ಲ. ಬಾಡಿಗೆಯನ್ನು ಬ್ಯಾಂಕಿನ ಮೂಲಕ ಪಡೆಯಬೇಕು. ನಗದಾಗಿ ಪಡೆದರೆ ರಸೀತಿ ಕೊಡಬೇಕು, 5,000 ರೂಪಾಯಿ ಮೀರಿದ್ದಕ್ಕೆ ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ಹಚ್ಚಬೇಕು.

ಹಿತ್ತಲಿನ ಮಾತನ್ನು ಪಟ್ಟಣದ ನಮೂನೆಗಳಲ್ಲಿ ಯಾರೂ ಬರೆಯುವುದಿಲ್ಲ. ಹಳ್ಳಿಯಲ್ಲಿ ಜಗಳ ಹುಟ್ಟುವುದೇ ಅಲ್ಲಿ. ಹಿತ್ತಲ ಎರಡು ತೆಂಗಿನ ಮರದ ಕಾಯಿ ಯಾರಿಗೆ? ನುಗ್ಗೆ, ಕರಿಬೇವು, ಹಲಸು ಯಾರಿಗೆ? ಕಾಯಿ ಕೀಳಿಸಲು ಮಾಲೀಕನ ಆಳು ಯಾವಾಗ ಬರಬಹುದು? ತಿಪ್ಪೆಗುಂಡಿಗೆ, ಕಣಕ್ಕೆ, ಕೊಟ್ಟಿಗೆಗೆ ಹೋಗುವ ದಾರಿ ಬಾಡಿಗೆದಾರನ ಅಂಗಳದ ಮೂಲಕವೇ ಆದರೆ ಸುಗ್ಗಿಯಲ್ಲಿ ಗಾಡಿ ಟ್ರ್ಯಾಕ್ಟರು ಹೇಗೆ ಹೋಗಬೇಕು? ಬಾಡಿಗೆದಾರ ಕೋಳಿ, ಆಡು ಸಾಕಬಹುದೆ? ಇಷ್ಟನ್ನೂ ಎರಡು ಸಾಲಿನಲ್ಲಿ ಬರೆದಿಟ್ಟರೆ ಮುಗಿಯಿತು. ಮರದ ಫಲ ಮಾಲೀಕನದು, ಮನೆ ಬಳಕೆಗೆ ಕರಿಬೇವು ನುಗ್ಗೆ ಬಾಡಿಗೆದಾರನದು ಎಂದು ಒಪ್ಪಿಕೊಂಡರೆ ಇಬ್ಬರಿಗೂ ಸಮಾಧಾನ.

ಮನೆ ಬಿಡಿಸುವಾಗ

ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು ಹದಿನೈದು ದಿನಗಳ ಲಿಖಿತ ನೋಟೀಸು ಬೇಕು. ಒಂದು ತಿಂಗಳೋ ಎರಡೋ ಎಂದು ಕರಾರಿನಲ್ಲಿಯೇ ಬರೆದುಕೊಳ್ಳುವುದು ನ್ಯಾಯ. ಶಾಲೆಗೆ ಹೋಗುವ ಮಕ್ಕಳಿರುವವರಿಗೆ ಹದಿನೈದು ದಿನ ಸಾಲುವುದಿಲ್ಲ. ಕೆಲವು ನಗರ ಪಟ್ಟಣಗಳಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗೆ 1999ರ ಕರ್ನಾಟಕ ಬಾಡಿಗೆ ಕಾಯಿದೆ ಅನ್ವಯಿಸುತ್ತದೆ. ಅಲ್ಲಿ ಮನೆಯಿರುವವರು ವಕೀಲರನ್ನು ಕೇಳಬೇಕು.

ಬಾಡಿಗೆ ನಿಂತಿತೆಂದು ನೀರು ನಿಲ್ಲಿಸುವುದು, ಫ್ಯೂಸು ತೆಗೆಯುವುದು, ಸಾಮಾನು ಬೀದಿಗೆ ಎಸೆದು ಬೀಗ ಜಡಿಯುವುದು ಮಾಡಕೂಡದು. ಹಾಗೆ ಬಲವಂತವಾಗಿ ಹೊರಹಾಕಲ್ಪಟ್ಟವನು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಸರಿಯಿದ್ದ ಮಾಲೀಕನು ಆಗ ತಪ್ಪಿತಸ್ಥನಾಗುತ್ತಾನೆ.

ಬಿಡುವ ದಿನ ಪಟ್ಟಿ ಹಿಡಿದು ಇಬ್ಬರೂ ಮನೆ ನೋಡಿ, ಮೀಟರಿನ ಅಂಕೆ ಬರೆದುಕೊಂಡು, ಆರ್.ಆರ್. ನಂಬರಿಗೆ ಜೋಡಿಸಿದ ಬಾಡಿಗೆದಾರನ ಆಧಾರನ್ನು ಬಿಡಿಸಿಕೊಳ್ಳಬೇಕು. ಇಲ್ಲದಿದ್ದರೆ ಮುಂದೆ ಬರುವವರಿಗೆ ಗೃಹಜ್ಯೋತಿ ಸಿಗಲು ತೊಡಕಾಗುತ್ತದೆ. ಅವಧಿ ಗೊತ್ತುಮಾಡದ ಬಾಡಿಗೆ ಬಾಡಿಗೆದಾರನ ತಪ್ಪಿಲ್ಲದೆ ಕೊನೆಗೊಂಡಾಗ, ಆತ ನೆಟ್ಟ ಬೆಳೆ ಹಿತ್ತಲಲ್ಲಿ ನಿಂತಿದ್ದರೆ ಅದನ್ನು ಕೊಯ್ದುಕೊಳ್ಳಲು ಬಂದು ಹೋಗುವ ಹಕ್ಕು ಅವನಿಗಿದೆ ಎಂದು ಸ್ವತ್ತು ವರ್ಗಾವಣೆ ಕಾಯಿದೆಯ 108ನೆಯ ಕಲಮು ಹೇಳುತ್ತದೆ. ಅವಧಿ ಬರೆದ ಕರಾರಿನಲ್ಲಿಯೂ ಇದನ್ನೊಂದು ಸಾಲಾಗಿ ಸೇರಿಸಬಹುದು. ಮೇಷ್ಟ್ರ ಮನೆಯವರು ಬಿತ್ತಿದ ಅವರೆ ಹೂ ಬಿಟ್ಟ ಹೊತ್ತಿಗೆ ವರ್ಗವಾದರೆ, ಕಾಯಿ ಬಲಿತ ಮೇಲೆ ಅವರು ಒಂದು ಭಾನುವಾರ ಬಂದು ಬಿಡಿಸಿಕೊಂಡು ಹೋಗಲು ಅಡ್ಡಿಯಿರಬಾರದು.